ಕುಲುಮೆಯವನಿಗೆ ಚಳಿ

ಗೇಟಿಗೆ ಬೀಗ ಬಿದ್ದದ್ದು ನಮ್ಮೆಲ್ಲರ ಒಪ್ಪಿಗೆಯಿಂದಲೇ. ಹಾಗಾಗಿ ಈಗ ಯಾರನ್ನು ಬೈಯಲು ಹೊರಟರೂ ಬೈಗುಳ ತಿರುಗಿ ನಮ್ಮ ಕಾಲ ಬುಡಕ್ಕೇ ಬರುತ್ತದೆ.

ರೋಗಕ್ಕೆ ಹೆದರಿ ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು. ಅಂಗಡಿ, ಶಾಲೆ, ಬಸ್ಸು ಎಲ್ಲ ನಿಂತಿದ್ದವು. ಆದರೆ ನಮ್ಮದು ಔಷಧಿಯ ಸೀಸೆ ಮಾಡುವ ಗಾಜಿನ ಕಾರ್ಖಾನೆ. ಸೀಸೆಯಿಲ್ಲದೆ ಔಷಧಿಯನ್ನು ಅಂಗೈಯಲ್ಲಿ ಹಿಡಿದು ಕೊಡುವುದಕ್ಕಾಗುವುದಿಲ್ಲವಲ್ಲ. ಅದಕ್ಕೇ ಸರ್ಕಾರ ನಮಗೊಂದು ಆದೇಶ ಕಳಿಸಿತು: ಕೆಲಸ ನಡೆಸಬಹುದು, ಆದರೆ ಕೆಲಸದವರು ಕಾಂಪೌಂಡಿನೊಳಗೇ ಉಳಿಯಬೇಕು. ಒಳಗಿನ ಒಬ್ಬರಿಗೆ ರೋಗ ತಗುಲಿದರೂ ಇಡೀ ಕಾರ್ಖಾನೆಗೆ ಸೀಲು. ಗೊತ್ತಿದ್ದೂ ತಿಳಿಸದ ಮಾಲೀಕನಿಗೆ ಜೈಲು. ಮುಚ್ಚಿಟ್ಟ ಕೆಲಸಗಾರನಿಗೂ ಜೈಲು. ಯಜಮಾನರು ಆ ಆದೇಶವನ್ನು ಗೋಡೆಗೆ ಅಂಟಿಸಿ, ನಮ್ಮೆಲ್ಲರ ಸಹಿ ತೆಗೆದುಕೊಂಡು, ಗೇಟಿಗೆ ಒಳಗಿನಿಂದ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ತಾವೂ ನಮ್ಮ ಜೊತೆಗೇ ಒಳಗುಳಿದರು. ಅದೊಂದನ್ನು ನಾನು ಇವತ್ತಿಗೂ ಅವರ ಪರವಾಗಿ ಹೇಳುತ್ತೇನೆ.

ಎಲ್ಲ ಮುಚ್ಚಿ ಮನೆಗೆ ಹೋಗಬಹುದಿತ್ತಲ್ಲ ಎಂದು ಕೇಳುವವರು ಕುಲುಮೆ ಕಂಡವರಲ್ಲ. ಗಾಜಿನ ಕುಲುಮೆಯನ್ನು ಒಲೆಯ ಹಾಗೆ ಬೇಕೆಂದಾಗ ಹಚ್ಚಿ ಬೇಡವೆಂದಾಗ ಆರಿಸುವಂತಿಲ್ಲ. ಒಂದು ಸಲ ಹೊತ್ತಿಸಿದರೆ ವರ್ಷಾನುಗಟ್ಟಲೆ ಹಗಲೂ ರಾತ್ರಿ ಉರಿಯುತ್ತಲೇ ಇರಬೇಕು. ಆರಿಸಿದರೆ ಒಳಗಿನ ಕರಗಿದ ಗಾಜು ಬಂಡೆಯಾಗುತ್ತದೆ, ಆ ಬಂಡೆ ಕುಲುಮೆಯ ಗೋಡೆಯನ್ನೇ ಸೀಳುತ್ತದೆ. ಹೊಸ ಕುಲುಮೆ ಕಟ್ಟುವ ತ್ರಾಣ ನಮ್ಮ ಯಜಮಾನರಿಗೆ ಇರಲಿಲ್ಲ. ಕುಲುಮೆ ಹೋದರೆ ಕಾರ್ಖಾನೆ ಹೋಯಿತು, ಕಾರ್ಖಾನೆ ಹೋದರೆ ನಾವೆಲ್ಲ ಬೀದಿಗೆ. ಇದನ್ನು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ಕುಲುಮೆಯನ್ನು ಸಾಕುತ್ತಿದ್ದವರು ನನ್ನ ಭಾವ, ಅಂದರೆ ಅಕ್ಕನ ಗಂಡ. ಸಾಕುತ್ತಿದ್ದರು ಎಂದೇ ಹೇಳಬೇಕು. ಹೆಂಡತಿಯ ಮುಖ ನೋಡಿದ್ದಕ್ಕಿಂತ ಕುಲುಮೆಯ ಬಾಯಿ ನೋಡಿದ್ದೇ ಹೆಚ್ಚು ಎಂದು ಅಕ್ಕ ರೇಗುತ್ತಿದ್ದಳು. ಉರಿಯ ಬಣ್ಣ ನೋಡಿ ಎಣ್ಣೆ ಬಿಡುವ ಚಕ್ರವನ್ನು ಅರ್ಧ ಸುತ್ತು ಆ ಕಡೆ, ಅರ್ಧ ಸುತ್ತು ಈ ಕಡೆ ತಿರುಗಿಸುವುದು ಅವರ ಕೆಲಸ. ನನ್ನ ಕೆಲಸ ಇನ್ನೊಂದು ತುದಿಯಲ್ಲಿ. ಅಚ್ಚಿನಿಂದ ಕೆಂಪಗೆ ಹೊರಬಿದ್ದ ಸೀಸೆಗಳು ತಣಿಸುವ ಗೂಡಿನೊಳಗೆ ನಿಧಾನವಾಗಿ ಸಾಗಿ ಬರುತ್ತವೆ. ತಣಿದ ಮೇಲೆ ನಾನು ಅವುಗಳ ಕತ್ತು, ಬಾಯಿ, ತಳ ಅಳೆದು, ಸೊಟ್ಟಗಿದ್ದದ್ದನ್ನು ಒಡೆದು ಬುಟ್ಟಿಗೆ ಹಾಕುತ್ತೇನೆ. ಅದಕ್ಕೇ ಭಾವ ನನಗೆ ‘ಇನ್ಸ್‌ಪೆಕ್ಟ್ರಮ್ಮ’ ಎಂದು ಹೆಸರಿಟ್ಟಿದ್ದರು, ಅದು ಕಾರ್ಖಾನೆಗೆಲ್ಲ ಅಂಟಿಕೊಂಡಿತ್ತು.

ಒಳಗೆ ಹೋಗುವ ದಿನ ಅಕ್ಕ ಬಾಗಿಲಲ್ಲಿ ನಿಂತು ನನ್ನ ಕೈ ಹಿಡಿದುಕೊಂಡಳು. "ಅವರು ತಮ್ಮ ಮೈ ಬಗ್ಗೆ ಬಾಯಿ ಬಿಡೋರಲ್ಲ. ನೀನು ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋ. ನಿನ್ನ ನಂಬಿ ಕಳಿಸ್ತಿದೀನಿ" ಎಂದಳು.

"ನಿನ್ನ ಗಂಡನ್ನ ಹೇಗೆ ಕರ್ಕೊಂಡು ಹೋಗ್ತೀನೋ ಹಾಗೇ ವಾಪಸ್ಸು ತಂದು ಒಪ್ಪಿಸ್ತೀನಿ, ಒಂದು ಗೀರೂ ಬಿದ್ದಿರಲ್ಲ" ಎಂದೆ. ಸೀಸೆ ಅಳೆಯುವವಳ ಮಾತು. ನನಗೆ ಆಗ ಭಯವೇ ಇರಲಿಲ್ಲ.

ಮೊದಲನೆಯ ಬೆಳಿಗ್ಗೆಯೇ ಯಜಮಾನರು ಜ್ವರ ಅಳೆಯುವ ಪಿಸ್ತೂಲು ತಂದು ನನ್ನ ಕೈಗಿಟ್ಟರು. ಹಣೆಗೆ ಹಿಡಿದು ಗುಂಡಿ ಒತ್ತಿದರೆ ಸರಿಯಿದ್ದರೆ ಹಸಿರು ದೀಪ, ಜ್ವರವಿದ್ದರೆ ಕೆಂಪು ದೀಪ ಮತ್ತು ಕೀರಲು ಸದ್ದು. ದಿನವೂ ಎಲ್ಲರನ್ನೂ ಅಳೆದು ಬರೆದು ಸಹಿ ಹಾಕಬೇಕೆಂಬುದು ಆದೇಶದಲ್ಲೇ ಇತ್ತು. ಅಳೆಯುವವಳು ನಾನಲ್ಲದೆ ಇನ್ನಾರು? ಸರಿ, ಸಾಲಾಗಿ ನಿಲ್ಲಿಸಿದೆ. ಮೊದಲು ಭಾವ. ಕೀರ್ ಎಂದು ಕೂಗಿತು, ಕೆಂಪು. ಅವರ ಹಿಂದಿನವರು, ಕೆಂಪು. ಅಚ್ಚಿನ ಯಂತ್ರದವನು, ಅವನೂ ಕೆಂಪು. ನನ್ನ ಜೀವ ಬಾಯಿಗೆ ಬಂತು. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಇನ್ಸ್‌ಪೆಕ್ಟ್ರಮ್ಮ, ಬೆಂಕಿ ಮುಂದೆ ನಿಂತು ಬಂದೋರ ಹಣೆ ಮತ್ತೆ ಐಸ್‌ಕ್ರೀಮ್ ಥರ ಇರುತ್ತಾ?"

ಯಜಮಾನರೂ ನಕ್ಕರು. "ಹೌದಲ್ಲಾ! ಬಿಸಿ ಸೀಸೆನ ಯಾರಾದ್ರೂ ಅಳೀತಾರಾ? ಮೊದಲು ತಣಿಯಲಿ. ನಲ್ಲಿ ಹತ್ರ ಹೋಗಿ ಮುಖ ತೊಳ್ಕೊಂಡು ಸ್ವಲ್ಪ ಹೊತ್ತು ನಿಂತು ಬನ್ನಿ."

ಎಲ್ಲರೂ ಅಂಗಳದ ನಲ್ಲಿಯಲ್ಲಿ ತಣ್ಣೀರು ಎರಚಿಕೊಂಡು, ತಲೆಗೂ ಎರಡು ಬೊಗಸೆ ಸುರಿದುಕೊಂಡು ಬಂದರು. ಎಲ್ಲ ಹಸಿರು. ಅಂದಿನಿಂದ ಅದೇ ಪದ್ಧತಿಯಾಯಿತು. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಗಾಜಿನವರು ನಾವು, ಏನನ್ನೇ ಆದರೂ ತಣಿಸದೆ ಅಳೆದವರಲ್ಲ.

ದಿನಗಳು ಹೋದವು. ಪ್ಯಾಕಿಂಗ್ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳ ಗೋಡೆ ಮಾಡಿ ಆ ಕಡೆ ಹೆಂಗಸರು, ಈ ಕಡೆ ಗಂಡಸರು ಮಲಗುತ್ತಿದ್ದೆವು. ಅಚ್ಚಿನ ಯಂತ್ರದವನು ಒಂದು ಹಳೆಯ ರೇಡಿಯೋ ತಂದಿದ್ದ. ಅದರಲ್ಲಿ ಬಂದದ್ದು ಸಾಲದೆಂಬಂತೆ ತಾನೂ ಇನ್ನಷ್ಟು ಸೇರಿಸಿ ಹೇಳುತ್ತಿದ್ದ. ಅವನ ಹೆಸರೂ ರೇಡಿಯೋ ಎಂದೇ ಆಗಿತ್ತು. ಎಲ್ಲಿ ಎಷ್ಟು ಜನ ಸತ್ತರು, ಯಾವ ಊರಿನಲ್ಲಿ ಯಾವ ಮಾಲೀಕನನ್ನು ಎಳೆದುಕೊಂಡು ಹೋದರು, ಜ್ವರ ಮುಚ್ಚಿಟ್ಟು ಕೆಲಸಕ್ಕೆ ಬಂದ ಯಾರ ಮೇಲೆ ಕೇಸು ಬಿತ್ತು, ಎಲ್ಲವನ್ನೂ ಊಟದ ಹೊತ್ತಿಗೇ ಬಡಿಸುತ್ತಿದ್ದ. ಯಾರಾದರೂ ಕೆಮ್ಮಿದರೆ ತಟ್ಟೆಗಳೆಲ್ಲ ಒಂದು ಮೊಳ ಹಿಂದೆ ಸರಿಯುತ್ತಿದ್ದವು. ಕೆಮ್ಮಿದವರು "ಗಂಟಲಿಗೆ ಅನ್ನ ಸಿಕ್ಕಿದ್ದು" ಎಂದು ಆಣೆ ಮಾಡಿ ಹೇಳಬೇಕಾಗುತ್ತಿತ್ತು. ಗೇಟಿನ ಆಚೆ ದಾರಿಯಲ್ಲಿ ಆಂಬುಲೆನ್ಸ್ ಕೂಗಿದರೆ, ಅದು ದೂರವಾಗುವ ತನಕ ನಾವು ಮಾತು ನಿಲ್ಲಿಸಿ ಮೈಯೆಲ್ಲ ಕಿವಿಯಾಗುತ್ತಿದ್ದೆವು.

ಸಂಜೆ ಅಕ್ಕನ ಫೋನು. "ಅವರದ್ದು ಎಷ್ಟಿತ್ತು ಇವತ್ತು?" ಎಂಬುದೇ ಮೊದಲ ಪ್ರಶ್ನೆ. "ಹಸಿರು ಕಣೇ" ಎನ್ನುತ್ತಿದ್ದೆ. ಆಮೇಲೆ ಫೋನು ಭಾವನ ಕೈಗೆ. ಅವರು ದಿನಕ್ಕೊಂದು ತಮಾಷೆ ಮಾಡದೆ ಫೋನು ಕೆಳಗಿಡುತ್ತಿರಲಿಲ್ಲ. "ನಿನ್ನ ತಂಗಿ ನನ್ನನ್ನೂ ಒಡೆದು ಬುಟ್ಟಿಗೆ ಹಾಕ್ತಾಳೇನೋ ಅಂತ ಹೆದರ್ಕೊಂಡು ನೆಟ್ಟಗೆ ನಿಂತಿದೀನಿ" ಎಂದು ಒಮ್ಮೆ ಹೇಳಿದ್ದು ನೆನಪಿದೆ. ಅಕ್ಕ ಆ ಕಡೆ ನಗುವುದು ನನಗೂ ಕೇಳಿಸುತ್ತಿತ್ತು.

ಮೊದಲು ತಪ್ಪು ತೋರಿಸಿದ್ದು ಸೀಸೆಗಳು. ಒಂದು ಬೆಳಿಗ್ಗೆ ತಣಿಸುವ ಗೂಡಿನಿಂದ ಬಂದ ಸೀಸೆಗಳಲ್ಲಿ ನಾಲ್ಕಾರಕ್ಕೆ ಕತ್ತು ವಾಲಿತ್ತು. ಒಡೆದು ಬುಟ್ಟಿಗೆ ಹಾಕಿದೆ. ಮಾರನೆಯ ದಿನ ಬುಟ್ಟಿ ಅರ್ಧ ತುಂಬಿತು. ಅದರ ಮಾರನೆಯ ದಿನ ಸಾಲು ಸಾಲಾಗಿ ಎಲ್ಲ ಸೀಸೆಗಳೂ ತೂಕಡಿಸುವವರ ಹಾಗೆ ತಲೆ ಬಗ್ಗಿಸಿಕೊಂಡು ಬಂದವು. ಗಾಜು ಅತಿಯಾಗಿ ಕಾದರೆ ಮಾತ್ರ ಹೀಗಾಗುವುದು. ಭಾವ ಕುಲುಮೆಯ ಮುಂದೆ ಇರುವಾಗ ಇದು ಆಗಿದ್ದೇ ಇಲ್ಲ. ಒಂದು ಸೊಟ್ಟ ಸೀಸೆ ಹಿಡಿದುಕೊಂಡು, ಛೇಡಿಸಿ ಬರೋಣವೆಂದೇ ನಾನು ಆ ತುದಿಗೆ ಹೋದೆ.

ಭಾವ ಕುಲುಮೆಯ ಬಾಯಿಯ ಮುಂದೆ ಸ್ಟೂಲಿನ ಮೇಲೆ ಕುಳಿತಿದ್ದರು. ಹೆಗಲಿಗೆ ಮಲಗುವ ಕಂಬಳಿ. ಎರಡೂ ಅಂಗೈಗಳನ್ನು ಬೆಂಕಿಗೆ ಒಡ್ಡಿದ್ದರು.

ಆ ಜಾಗದಲ್ಲಿ ನಮಗೆ ಉಸಿರೆಳೆದರೆ ಮೂಗಿನ ಕೂದಲು ಸುಡುತ್ತದೆ. ಅಲ್ಲಿ ಕೆಲಸ ಮಾಡುವವರು ಅಂಗಿ ತೊಡುವುದೇ ಒಂದು ತ್ಯಾಗ. ಇವರು ಕಂಬಳಿ ಹೊದ್ದು ಚಳಿ ಕಾಯಿಸಿಕೊಳ್ಳುತ್ತಿದ್ದರು.

"ಏನ್ ಭಾವ ಇದು?"

"ಕುಲುಮೆ ತಣ್ಣಗಾಗ್ತಿದೆ ಕಣಮ್ಮ" ಎಂದರು. ಹಲ್ಲು ಕಟಕಟ ಎನ್ನುತ್ತಿತ್ತು. "ಮೂರು ದಿನದಿಂದ ನೋಡ್ತಿದೀನಿ, ಕಾವೇ ಇಲ್ಲ. ಎಷ್ಟು ಎಣ್ಣೆ ಬಿಟ್ರೂ ಸಾಲ್ತಿಲ್ಲ."

ನಾನು ಪಕ್ಕದ ಗೋಡೆಯ ಮೇಲಿನ, ಭಾವ ಎಂದೂ ನಂಬದ ಮಾಪಕ ನೋಡಿದೆ. ಮುಳ್ಳು ಎಂದೂ ಮುಟ್ಟದ ಕೆಂಪು ಗೆರೆಯನ್ನು ಮುಟ್ಟಿತ್ತು. ಕುಲುಮೆ ಧಗಧಗ ಎನ್ನುತ್ತಿತ್ತು. ತಣ್ಣಗಾಗುತ್ತಿದ್ದದ್ದು ಅದಲ್ಲ. ಈ ಮನುಷ್ಯ ಜ್ವರದ ಚಳಿಯನ್ನು ಕುಲುಮೆಯ ಚಳಿ ಎಂದುಕೊಂಡು ದಿನವೂ ಚಕ್ರ ತಿರುಗಿಸಿದ್ದರು, ದಿನವೂ ನಲ್ಲಿಯಲ್ಲಿ ತಲೆಗೆ ನೀರು ಸುರಿದುಕೊಂಡು ಬಂದು ನನ್ನ ಮುಂದೆ ಹಣೆ ಒಡ್ಡಿದ್ದರು, ನಾನು ದಿನವೂ ಹಸಿರು ಎಂದು ಬರೆದು ಸಹಿ ಹಾಕಿದ್ದೆ. ಕೈಯಲ್ಲಿದ್ದ ಸೀಸೆ ಜಾರಿ ಬಿದ್ದು ಒಡೆಯಿತು. ಅದು ಒಡೆಯಬೇಕಾದದ್ದೇ ಬಿಡಿ, ಆದರೆ ಆ ಸದ್ದಿಗೆ ನಾನು ಬೆಚ್ಚಿಬಿದ್ದೆ.

ಓಡಿ ಯಜಮಾನರ ಕೋಣೆಗೆ ಹೋದೆ. ವಿಷಯ ಹೇಳಿದೆ. ಅವರು ಬಾಗಿಲು ಹಾಕಿ, ತಮ್ಮ ವಕೀಲರಿಗೆ ಫೋನು ಮಾಡಿ, ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದರು.

ವಕೀಲರು ಗಾಬರಿಯಾಗಲಿಲ್ಲ. ಅವರ ದನಿ ನುಣ್ಣಗಿತ್ತು. "ಜ್ವರ ಇದೆ ಅಂತ ನಿಮಗೆ ಗೊತ್ತಾ, ಇಲ್ಲಾ ಇರಬಹುದು ಅನ್ನೋ ಅನುಮಾನನಾ?"

"ಅನುಮಾನ" ಎಂದರು ಯಜಮಾನರು.

"ಅನುಮಾನಕ್ಕೆ ಯಾರೂ ಜೈಲಿಗೆ ಹಾಕಲ್ಲ. ಗೊತ್ತಿದ್ದೂ ತಿಳಿಸದೇ ಇದ್ರೆ ಮಾತ್ರ ಅಪರಾಧ. ಗೊತ್ತಾದ ಗಳಿಗೆಯಿಂದ ನಿಮ್ಮ ಕತ್ತಿಗೆ ಬರುತ್ತೆ. ಇವತ್ತಿನ ತನಕ ಅಳತೆ ಎಲ್ಲಾ ಸರಿಯಾಗಿದೆ ತಾನೇ? ಸಹಿ ಯಾರದ್ದು?"

"ನಮ್ಮ ಹುಡುಗಿ ಒಬ್ಬಳದ್ದು."

ನಲವತ್ತು ದಾಟಿದ ನಾನು ಹುಡುಗಿ. ಬೇರೆ ಹೊತ್ತಾಗಿದ್ದರೆ ನಗು ಬರುತ್ತಿತ್ತು.

"ಒಳ್ಳೇದಾಯ್ತು. ಕಂಪನಿ ತನ್ನ ಕರ್ತವ್ಯ ಮಾಡಿದೆ. ಅಳೆದಿದ್ರಲ್ಲಿ ತಪ್ಪಿದ್ರೆ ಅದು ಅಳೆದವರ ತಲೆಗೆ. ಇನ್ನೊಂದೆರಡು ದಿನ ಅವರನ್ನ ಅಳೀಬೇಡಿ, ಅಷ್ಟೇ. ಸಾಧಾರಣ ಜ್ವರ ಆಗಿದ್ರೆ ತಾನೇ ಇಳಿಯುತ್ತೆ. ಯಂತ್ರ ಕೆಟ್ಟಿತ್ತು ಅಂತ ಬರೀರಿ."

ಫೋನು ಕಟ್ ಆಯಿತು. ಯಜಮಾನರು ನನ್ನ ಮುಖ ನೋಡಲಿಲ್ಲ. ಮೇಜಿನ ಮೇಲಿದ್ದ ಪಿಸ್ತೂಲನ್ನು ಎತ್ತಿಕೊಂಡು, ಅದರ ಹಿಡಿ ಬಿಚ್ಚಿ, ಬ್ಯಾಟರಿಗಳನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. ಖಾಲಿ ಪಿಸ್ತೂಲನ್ನು ನನಗೆ ವಾಪಸು ಕೊಟ್ಟರು.

"ಯಜಮಾನರೇ, ಅವರು ನನ್ನ ಅಕ್ಕನ ಗಂಡ."

"ನನಗೂ ಅವನು ಬೇರೆಯವನಲ್ಲಮ್ಮ" ಎಂದರು. ಕಣ್ಣಲ್ಲಿ ನೀರಿತ್ತು, ಸುಳ್ಳಲ್ಲ. "ಎರಡೇ ದಿನ. ಸೀಲ್ ಬಿದ್ರೆ ಕುಲುಮೆ ಆರುತ್ತೆ. ಆಮೇಲೆ ನಾನೂ ಇಲ್ಲ, ನೀನೂ ಇಲ್ಲ, ಅವನೂ ಇಲ್ಲ. ಎರಡೇ ದಿನ ನೋಡೋಣ."

ಕೆಟ್ಟವನೊಬ್ಬ ಎದುರಿಗಿದ್ದರೆ ಸಿಟ್ಟು ಬರುತ್ತದೆ. ಸಿಟ್ಟು ಬಂದರೆ ಭಯ ಅಷ್ಟು ಹೊತ್ತಾದರೂ ಬಿಡುತ್ತದೆ. ಆದರೆ ಅಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ನನ್ನಷ್ಟೇ ಹೆದರಿದ ಇನ್ನೊಬ್ಬ ಮನುಷ್ಯನಿದ್ದ. ಅದರಿಂದ ನನ್ನ ಭಯ ದುಪ್ಪಟ್ಟಾಯಿತು.

ಸುದ್ದಿಗೆ ಕಾಲು ಬೇಕಿರಲಿಲ್ಲ. ನಾನು ಅಂಗಳಕ್ಕೆ ಬರುವಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಗೊತ್ತಾಗಿತ್ತು ಎನ್ನಬಾರದು, ವಕೀಲರ ಭಾಷೆಯಲ್ಲಿ ಅನುಮಾನವಾಗಿತ್ತು. ಎಲ್ಲರೂ ಭಾವನಿಂದ ದೂರ ಕುಳಿತು, ಅವರ ಕಡೆ ಬೆನ್ನು ಹಾಕಿ ಊಟ ಮಾಡಿದರು. ರೇಡಿಯೋ ಮಾತ್ರ ನನ್ನ ಬಳಿ ಬಂದು ಪಿಸುಗುಟ್ಟಿದ.

"ಇನ್ಸ್‌ಪೆಕ್ಟ್ರಮ್ಮ, ನಿನ್ನ ಕೈ ಮುಗೀತೀನಿ. ಅಳೀಬೇಡ. ಅಳೆದ್ರೆ ಕೆಂಪು ಬರುತ್ತೆ. ಕೆಂಪು ಬಂದ್ರೆ ಕುಲುಮೆ ಹೋಯ್ತು, ನಮ್ಮ ಅನ್ನ ಹೋಯ್ತು. ಅಲ್ದೆ ಮೊದಲು ಹಿಡಿಯೋದು ನಿನ್ನನ್ನೇ. ಸಹಿ ಹಾಕಿರೋಳು ನೀನು."

"ಅವರು ಸತ್ರೆ?" ಎಂದೆ.

ರೇಡಿಯೋ ಮುಗಿದ ಕೈ ಇಳಿಸಿ ತನ್ನ ತಟ್ಟೆಯ ಕಡೆ ಹೋದ.

ಜೈಲು ಎಂದರೆ ಏನೆಂದು ನನಗೆ ತಿಳಿಯದು, ಆದರೆ ಪೊಲೀಸರು ಬಂದು ಅಕ್ಕನ ಎದುರಿಗೆ ನನ್ನ ರಟ್ಟೆ ಹಿಡಿದು ಜೀಪಿಗೆ ಹತ್ತಿಸುವುದು ಕಣ್ಣಿಗೆ ಕಟ್ಟಿತು. ಅದಕ್ಕಿಂತ ಮೊದಲು ಅಕ್ಕ ಒಂದು ಮಾತು ಕೇಳುತ್ತಾಳೆ, ಹಸಿರು ಅಂದ್ಯಲ್ಲೇ ಎಂದು. ಅದರ ಭಯ ಜೀಪಿನ ಭಯಕ್ಕಿಂತ ದೊಡ್ಡದಾಗಿತ್ತು.

ಭಾವನ ಬಳಿ ಕುಳಿತು, ಆಂಬುಲೆನ್ಸಿಗೆ ನಾನೇ ಫೋನು ಮಾಡುತ್ತೇನೆಂದೆ. ಅವರು ಕಂಬಳಿಯೊಳಗಿಂದ ನನ್ನ ಮಣಿಕಟ್ಟು ಹಿಡಿದರು. ಅವರ ಕೈ ಕಾದ ಹೆಂಚಿನಂತಿತ್ತು.

"ಬೇಡ. ನನ್ನಿಂದ ಕುಲುಮೆ ಆರಿತು ಅನ್ನೋ ಮಾತು ನನ್ನ ಮೇಲೆ ತರಬೇಡ. ಇಷ್ಟು ವರ್ಷ ಅದನ್ನ ಒಂದು ದಿನ ಉಪವಾಸ ಕೆಡವಿಲ್ಲ ನಾನು."

"ನಿಮ್ಮ ಕುಲುಮೆಗೆ ಬೆಂಕಿ ಬೀಳ್ಲಿ!"

"ಅದಕ್ಕೇ ತಾನೇ ಒದ್ದಾಡ್ತಿರೋದು" ಎಂದರು. ಅದು ಅವರ ತಮಾಷೆ. ನಗಲು ಹೋಗಿ ಉಸಿರು ಸಿಗದೆ, ಮೀನಿನ ಹಾಗೆ ಬಾಯಿ ತೆರೆದುಕೊಂಡು ಕುಳಿತರು. ಆ ಉಸಿರು ವಾಪಸು ಬರುವ ತನಕ ನಾನೂ ಉಸಿರು ಹಿಡಿದಿದ್ದೆ.

ಸಂಜೆ ಅಕ್ಕನ ಫೋನು ಬಂತು. ಎತ್ತದೆ ಬಿಟ್ಟರೆ ಅನುಮಾನ, ಎತ್ತಿದರೆ ಸುಳ್ಳು. ಎತ್ತಿದೆ.

"ಎಷ್ಟಿತ್ತು?"

"ಇವತ್ತು ಬ್ಯಾಟರಿ ಇರ್ಲಿಲ್ಲ ಕಣೇ."

"ಅವರಿಗೆ ಕೊಡು."

ಭಾವ ಗಂಟಲು ಸರಿ ಮಾಡಿಕೊಂಡು, "ಚೆನ್ನಾಗಿದೀನಿ. ಊಟ ಆಯ್ತು. ಫೋನ್ ಇಡ್ಲಾ?" ಎಂದರು. ಒಂದೊಂದು ಪದಕ್ಕೂ ನಡುವೆ ಉಸಿರು. ಅಷ್ಟು ಹೇಳಿ ಫೋನು ನನ್ನ ಕೈಗಿಟ್ಟು ಗೋಡೆಗೆ ಒರಗಿದರು.

ಆ ಕಡೆಯಿಂದ ಅಕ್ಕ ಮೆಲ್ಲಗೆ, "ಅವರು ಇವತ್ತು ತಮಾಷೆ ಮಾಡ್ಲಿಲ್ಲ ಕಣೇ" ಎಂದಳು. "ಏನಾಗಿದೆ ಹೇಳು. ನನಗೆ ಗೊತ್ತಾಗ್ಬೇಕು."

ಇಡೀ ಕಾರ್ಖಾನೆಯಲ್ಲಿ ಯಾರಿಗೂ ಬೇಡವಾದದ್ದು ಅವಳಿಗೆ ಬೇಕಾಗಿತ್ತು. ನನಗೆ ಗೊತ್ತಾಗಬೇಕು ಎಂದಳು. "ಹತ್ತು ನಿಮಿಷ ಬಿಟ್ಟು ಹೇಳ್ತೀನಿ" ಎಂದು ಫೋನು ಇಟ್ಟೆ.

ನೆಟ್ಟಗೆ ರೇಡಿಯೋ ಇದ್ದಲ್ಲಿಗೆ ಹೋದೆ. ಅವನು ಅಚ್ಚಿನ ಯಂತ್ರದ ಪಕ್ಕ ತೊಡೆಯ ಮೇಲೆ ರೇಡಿಯೋ ಇಟ್ಟುಕೊಂಡು ಕುಳಿತಿದ್ದ. ಅದು ಸತ್ತವರ ಲೆಕ್ಕ ಹೇಳುತ್ತಿತ್ತು. ನಾನು ಖಾಲಿ ಪಿಸ್ತೂಲನ್ನು ಅವನ ಮುಂದೆ ಹಿಡಿದೆ. ಬೇಡಲಿಲ್ಲ, ಬೈಯಲಿಲ್ಲ. ಬಾಯಿ ಬಿಟ್ಟರೆ ಅಳು ಬರುತ್ತಿತ್ತು, ಅದಕ್ಕೆ ಸುಮ್ಮನೆ ನಿಂತೆ. ಅವನು ನನ್ನನ್ನು ನೋಡಿದ, ಆ ಕಡೆ ಗೋಡೆಗೊರಗಿದ್ದ ಭಾವನನ್ನು ನೋಡಿದ. ಮುಖ ಊದಿಸಿಕೊಂಡೇ ರೇಡಿಯೋದ ಬೆನ್ನು ಬಿಚ್ಚಿ ಎರಡು ಬ್ಯಾಟರಿ ಕಿತ್ತು ಕೊಟ್ಟ. ಸತ್ತವರ ಲೆಕ್ಕ ಅರ್ಧಕ್ಕೆ ನಿಂತಿತು.

"ಹೇಗಿದ್ರೂ ಇದರಲ್ಲಿ ಒಂದು ಒಳ್ಳೆ ಸುದ್ದಿ ಬರಲ್ಲ" ಎಂದ.

ನಾನು ವಾಪಸು ಬರುವಷ್ಟರಲ್ಲಿ ಭಾವ ಗೋಡೆ ಹಿಡಿದುಕೊಂಡು ಅಂಗಳಕ್ಕೆ ಇಳಿಯುತ್ತಿದ್ದರು. ಪಿಸ್ತೂಲು ಕಂಡದ್ದೇ ತಡ, ಅಭ್ಯಾಸಬಲದಿಂದ ನಲ್ಲಿಯ ಕಡೆಗೆ ತಿರುಗಿದರು. ನಾನು ಓಡಿ ನಲ್ಲಿಗೆ ಅಡ್ಡ ನಿಂತೆ.

"ಮುಖ ತೊಳೀದೆ ಹೇಗೆ ಅಳೀತೀಯ?" ಎಂದರು ಮಗುವಿನ ಹಾಗೆ.

"ಹೀಗೇ ಅಳೀತೀನಿ."

ಅಷ್ಟರಲ್ಲಿ ಎಲ್ಲರೂ ಎದ್ದು ಬಂದಿದ್ದರು. ಯಜಮಾನರು ಕೋಣೆಯಿಂದ ಓಡಿ ಬಂದು ಅಂಗಳದ ಮೆಟ್ಟಿಲ ಮೇಲೆ ನಿಂತರು. ಅವರ ಕೈ ಅಂಗಿಯ ಜೇಬಿನ ಮೇಲಿತ್ತು, ಬ್ಯಾಟರಿ ಅಲ್ಲೇ ಇದೆಯೇ ಎಂದು ನೋಡಿಕೊಳ್ಳುವಂತೆ. "ಬೇಡಮ್ಮ" ಎಂದರು. ಹಿಂದಿನಿಂದ ಯಾರೋ "ಬೇಡ ಇನ್ಸ್‌ಪೆಕ್ಟ್ರಮ್ಮ" ಎಂದರು. ಭಾವನ ಹಣೆಗೆ ಹಿಡಿದು ಗುಂಡಿ ಒತ್ತಿದೆ. ಕೀರ್ ಎಂದು ಕೂಗಿದ್ದು ಗೇಟಿನಾಚೆಗೂ ಕೇಳಿಸಿರಬೇಕು.

ನಾನು ತಲೆಯೆತ್ತಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿ ಓದಿದೆ. "ನೂರ ನಾಲ್ಕು!"

ಗುಂಪು ಒಂದು ಮೊಳ ಹಿಂದೆ ಸರಿಯಿತು.

"ಅಷ್ಟು ಜೋರಾಗಿ ಯಾಕೆ ಓದಿದೆ?" ಎಂದರು ಯಜಮಾನರು.

"ಇನ್ನು ಮೇಲೆ ಗೊತ್ತಿರಲಿಲ್ಲ ಅಂತ ಯಾರೂ ಹೇಳಬಾರದು ಅಂತ. ನಾನೂ ಸೇರಿ."

ಅವರು ಮೆಟ್ಟಿಲ ಮೇಲೆ ಕುಳಿತರು. ಆಮೇಲೆ ತಾವೇ ಫೋನು ತೆಗೆದು ಆರೋಗ್ಯ ಇಲಾಖೆಗೆ ಕರೆ ಮಾಡಿದರು. ನಾನು ಅಕ್ಕನಿಗೆ ಮಾಡಿದೆ.

ಬಿಳಿ ನಿಲುವಂಗಿಯವರು ಬಂದರು. ಅವರಲ್ಲಿ ಕಣ್ಣು ಮಾತ್ರ ಕಾಣುತ್ತಿತ್ತು, ಅದೂ ಪ್ಲಾಸ್ಟಿಕ್ಕಿನ ಹಿಂದೆ. ಭಾವನನ್ನು ಸ್ಟ್ರೆಚರಿನ ಮೇಲೆ ಮಲಗಿಸಿ, ಮೂಗಿಗೆ ಕೊಳವೆ ಹಾಕಿದರು. ಗೇಟು ದಾಟುವವರೆಗೂ ಭಾವ ತಲೆ ತಿರುಗಿಸಿ ಚಿಮಣಿಯನ್ನೇ ನೋಡುತ್ತಿದ್ದರು. ನಮ್ಮೆಲ್ಲರ ಮೂಗಿನಿಂದಲೂ ಕಡ್ಡಿಯಲ್ಲಿ ಪರೀಕ್ಷೆಗೆ ಮಾದರಿ ತೆಗೆದುಕೊಂಡರು. ಆಮೇಲೆ ಎಣ್ಣೆಯ ಕೊಳಾಯಿ ಮುಚ್ಚಿಸಿದರು, ಗೇಟಿಗೆ ಹೊರಗಿನಿಂದ ಇನ್ನೊಂದು ಬೀಗ ಹಾಕಿ ಅರಗು ಒತ್ತಿದರು. ಒಳಗಿನ ಬೀಗದ ಕೀಲಿ ಯಜಮಾನರ ಸೊಂಟದಲ್ಲೇ ಇತ್ತು, ಉಪಯೋಗವಿಲ್ಲದೆ.

ಹೋಗುವ ಮುನ್ನ ಅವರ ಜೊತೆ ಬಂದಿದ್ದ ಅಧಿಕಾರಿಣಿ ಗೇಟಿನ ಸರಳುಗಳ ಆಚೆಯಿಂದಲೇ ಕೇಳಿದರು. "ದಿನಾ ಅಳೀತಾ ಇದ್ದೋರು ಯಾರು?"

"ನಾನೇ."

"ಇಷ್ಟು ಜ್ವರ ಇರೋ ಮನುಷ್ಯ ದಿನಾ ನಾರ್ಮಲ್ ಹೇಗೆ ಬಂದ್ರು?"

"ಮುಖ ತೊಳ್ಕೊಂಡ ಮೇಲೆ ಅಳೀತಿದ್ವಿ."

"ಹಾಗೆ ಅಳೀಬೇಕು ಅಂತ ಹೇಳಿದ್ದು ಯಾರು?"

ನಾನು ಯಜಮಾನರ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ರೇಡಿಯೋ ಕೆಮ್ಮಿ, ಕೆಮ್ಮಿದ್ದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡ. "ಎಲ್ಲರ ಹೇಳಿಕೆ ತಗೊಳ್ಳೋಕೆ ಮತ್ತೆ ಬರ್ತೀವಿ. ಅಲ್ಲೀ ತನಕ ದಿನಾ ಎಲ್ಲರನ್ನೂ ಅಳೆದು ಫೋನ್‌ನಲ್ಲಿ ಹೇಳ್ತಿರಿ" ಎಂದು ಅಧಿಕಾರಿಣಿ ಹೊರಟುಹೋದರು.

ಅವರು ಹೋದ ಮೇಲೆ ಯಜಮಾನರು ನನ್ನ ಬಳಿ ಬಂದು ದೂರದಲ್ಲೇ ನಿಂತರು. "ಅಳೆಯೋದು ಪೂರ್ತಿ ನಿನ್ನ ಜವಾಬ್ದಾರಿ ಆಗಿತ್ತು ಅಂತ ಹೇಳಿ ಅಂತಾರೆ ವಕೀಲರು. ಹಾಗಂದ್ರೆ ನಾನು ಉಳ್ಕೋತೀನಂತೆ."

"ನೀವೇನು ಹೇಳ್ತೀರಿ?"

"ನನಗೇ ಗೊತ್ತಿಲ್ಲ" ಎಂದರು. ಅದು ನಿಜವೇ ಇರಬೇಕು.

ಕುಲುಮೆ ಸಾಯುವುದಕ್ಕೆ ಬಹಳ ಹೊತ್ತು ತೆಗೆದುಕೊಂಡಿತು. ಮೊದಲು ಬಿಳಿ, ಆಮೇಲೆ ಹಳದಿ, ಕೆಂಪು, ಕೊನೆಗೆ ಕಪ್ಪು. ಒಳಗಿನ ಗಾಜು ಬಿರಿಯುವಾಗ ಟಪ್ ಎನ್ನುತ್ತಿತ್ತು. ಊಟದ ತಟ್ಟೆ ಮುಂದಿಟ್ಟುಕೊಂಡಿದ್ದಾಗ ಟಪ್. ಯಾರೋ ಏನೋ ಹೇಳಲು ಬಾಯಿ ತೆರೆದಾಗ ಟಪ್. ಪ್ರತಿ ಸದ್ದಿಗೂ ಯಜಮಾನರ ಹೆಗಲು ಅದುರುತ್ತಿತ್ತು. ಯಾರೂ ನನ್ನನ್ನು ಬೈಯಲಿಲ್ಲ, ಆದರೆ ಯಾರೂ ಇನ್ಸ್‌ಪೆಕ್ಟ್ರಮ್ಮ ಎಂದೂ ಕರೆಯಲಿಲ್ಲ.

ಮೂಗಿನ ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿರಲಿಲ್ಲ. ದಿನವೂ ಎಲ್ಲರನ್ನೂ ಅಳೆಯುತ್ತಿದ್ದೆ. ಮೊದಲ ದಿನ ಎಲ್ಲರೂ ಅಭ್ಯಾಸದಿಂದ ನಲ್ಲಿಯ ಕಡೆ ಹೊರಟು, ಅರ್ಧ ದಾರಿಯಲ್ಲಿ ನಿಂತು, ಮುಖ ಮುಖ ನೋಡಿಕೊಂಡು ವಾಪಸು ಬಂದರು. ಕುಲುಮೆ ಆರಿದ ಮೇಲೆ ತಣಿಸುವುದೇನು? ಒಣ ಹಣೆಗಳನ್ನೇ ಒಡ್ಡಿದರು. ಹಸಿರು ಬರುವ ತನಕ ಒಬ್ಬೊಬ್ಬರೂ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಹಸಿರು ಬಂದ ಮೇಲೂ ನಂಬದೆ, ಇನ್ನೊಂದು ಸಲ ನೋಡು ಎನ್ನುತ್ತಿದ್ದರು. ಎಲ್ಲರದ್ದನ್ನೂ ಅಳೆದು, ಕೊನೆಗೆ ನನ್ನದನ್ನೂ ನಾನೇ ಅಳೆದುಕೊಳ್ಳುತ್ತಿದ್ದೆ.

ಅಕ್ಕ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಬೀಡುಬಿಟ್ಟಿದ್ದಳು. ನನಗೆ ಫೋನು ಮಾಡುತ್ತಿದ್ದಳು, ಮಾತು ಮಾತ್ರ ಎಣಿಸಿ ಆಡುತ್ತಿದ್ದಳು. "ಹಾಗೇ ಇದಾರೆ." "ಇನ್ನೂ ಹೇಳಕ್ಕಾಗಲ್ಲ ಅಂತಾರೆ." ಹಸಿರು ಅಂದ್ಯಲ್ಲೇ ಎಂದು ಅವಳು ಕೇಳಲಿಲ್ಲ. ಕೇಳಿಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿತು.

ಒಂದು ಬೆಳಿಗ್ಗೆ ಎಲ್ಲರನ್ನೂ ಅಳೆದು, ನನ್ನದನ್ನು ಅಳೆದುಕೊಳ್ಳುವ ಮೊದಲೇ ಅವಳ ಫೋನು ಬಂತು. ಇಷ್ಟು ಬೇಗ ಯಾವತ್ತೂ ಮಾಡಿದವಳಲ್ಲ. ಅವಳು ಅಳುತ್ತಿದ್ದಳು. ನಾನು ಗೋಡೆ ಹಿಡಿದುಕೊಂಡೆ.

"ಅವರು ತಮಾಷೆ ಮಾಡಿದ್ರು ಕಣೇ" ಎಂದಳು ಬಿಕ್ಕುತ್ತಾ. "ಕೊಳವೆ ತೆಗೆದ್ರಂತೆ. ನರ್ಸ್ ಫೋನ್ ಹಿಡ್ಕೊಂಡಿದ್ರು. ‘ಇಲ್ಲಿ ಎಸಿ ಹಾಕಿ ತಣಿಸ್ತಿದಾರೆ, ಕತ್ತು ಸೊಟ್ಟ ಇಲ್ದಿದ್ರೆ ಪ್ಯಾಕ್ ಮಾಡಿ ಮನೆಗೆ ಕಳಿಸ್ತಾರಂತೆ, ಇನ್ಸ್‌ಪೆಕ್ಟ್ರಮ್ಮನಿಗೆ ಹೇಳು’ ಅಂದ್ರು."

ನಾನು ಅಲ್ಲೇ ನೆಲದ ಮೇಲೆ ಕುಳಿತು ಅತ್ತೆ, ನಕ್ಕೆ, ಮತ್ತೆ ಅತ್ತೆ. ಮೈಯೆಲ್ಲ ನಡುಗುತ್ತಿತ್ತು. ಸೆರಗನ್ನು ಬಿಗಿಯಾಗಿ ಹೊದ್ದುಕೊಂಡೆ.

"ನೀನು ಹೇಗಿದ್ದೀಯ? ದನಿ ಯಾಕೆ ಹೀಗಿದೆ?" ಎಂದಳು ಅಕ್ಕ.

"ಚಳಿ ಕಣೇ. ಕುಲುಮೆ ಆರಿದ ಮೇಲೆ ಒಳಗೆಲ್ಲ ವಿಪರೀತ ಚಳಿ."

ಹೇಳುತ್ತಾ ತಲೆಯೆತ್ತಿ ನೋಡಿದೆ. ಅಂಗಳದ ಬಿಸಿಲಿನಲ್ಲಿ ರೇಡಿಯೋ ಬನಿಯನ್ನಿನಲ್ಲಿ ಕುಳಿತು ರಟ್ಟಿನ ತುಂಡಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದ. ಯಜಮಾನರ ಅಂಗಿಯ ಬೆನ್ನು ಬೆವರಿಗೆ ಒದ್ದೆಯಾಗಿತ್ತು. ಅಲ್ಲಿ ಸೆರಗು ಹೊದ್ದವಳು ನಾನೊಬ್ಬಳೇ.

ಅಕ್ಕ ಆ ಕಡೆಯಿಂದ ಏನೋ ಕೇಳುತ್ತಲೇ ಇದ್ದಳು. ನಾನು ಫೋನನ್ನು ಕಟ್ ಮಾಡದೆ ಕೈಯಲ್ಲೇ ಹಿಡಿದು, ಎದ್ದು ಹೋಗಿ ಪಿಸ್ತೂಲನ್ನು ಯಜಮಾನರ ಮುಂದೆ ಹಿಡಿದೆ. "ಇವತ್ತು ನೀವೇ ಅಳೀರಿ" ಎಂದೆ.

ಅವರು ನನ್ನ ಮುಖ ನೋಡಿದರು, ಸೆರಗು ನೋಡಿದರು. ಒಂದು ಹೆಜ್ಜೆ ಹಿಂದಕ್ಕೆ ಹೋದರು. ಆಮೇಲೆ ಅದೇನನ್ನಿಸಿತೋ, ಹಿಂದಿಟ್ಟ ಹೆಜ್ಜೆಯನ್ನು ಮುಂದಿಟ್ಟು ಪಿಸ್ತೂಲು ತೆಗೆದುಕೊಂಡು ನನ್ನ ಹಣೆಗೆ ಹಿಡಿದರು. ಕೀರ್ ಎಂದು ಕೂಗಿತು. ಅವರು ಅಂಕಿಯನ್ನು ನೋಡಿದರು, ಓದಲಿಲ್ಲ. ಕಣ್ಣು ನಲ್ಲಿಯ ಕಡೆ ಹೋಯಿತು.

"ಒಂದ್ಸಲ ಮುಖ ತೊಳ್ಕೊಂಡು ಬಾಮ್ಮ" ಎಂದರು ಮೆಲ್ಲಗೆ. "ಆಮೇಲೆ ನೋಡೋಣ."

ಒಳಗಿನಿಂದ ಟಪ್ ಎಂದು ಸದ್ದು ಬಂತು.

"ಜೋರಾಗಿ ಓದಿ ಯಜಮಾನರೇ" ಎಂದೆ.

ಅವರು ಅಂಕಿಯನ್ನು ಅಂಗಳದಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ ಓದಿದರು. ಫೋನಿನ ಆ ಕಡೆ ಅಕ್ಕನೂ ಕೇಳಿಸಿಕೊಂಡಳು.